ವಯಸ್ಕರ ಡಿಜಿಟಲ್ ಕೌಶಲ: ಅಳೆಯುವುದು ಹೇಗೆ, ಪ್ರಮಾಣಪತ್ರದಲ್ಲಿ ಬರೆಯುವುದು ಏನು?

(ಇದೊಂದು ಚರ್ಚೆ; ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು.)

ಪಾಠಪಟ್ಟಿ

ವಯಸ್ಕರ ಕಲಿಕಾ ಕೇಂದ್ರಕ್ಕೆ ಮೂಲ ಡಿಜಿಟಲ್ ಕೌಶಲದ ಮೌಲ್ಯಮಾಪನ ರೂಪಿಸಬೇಕಿದೆ. ಕೈಯಲ್ಲಿರುವುದು ಇಷ್ಟು: 24 ಕಲಿಕಾರ್ಥಿಗಳು, 8 ಲ್ಯಾಪ್‌ಟಾಪ್, 2 ಮೌಲ್ಯಮಾಪಕರು, ಒಂದು ಮಧ್ಯಾಹ್ನ. ಸದ್ಯ ನಡೆಯುತ್ತಿರುವುದು 40 ಬಹುಆಯ್ಕೆ ಪ್ರಶ್ನೆಗಳ ಪತ್ರಿಕೆ, ಶೇಕಡ 60 ಬಂದರೆ ಪಾಸ್. 35 ಅಂಕ ತೆಗೆದವರಿಗೂ ಮೇಲ್‌ಗೆ ಫೈಲ್ ಅಟ್ಯಾಚ್ ಮಾಡಲು ಬರುವುದಿಲ್ಲ. 20 ತೆಗೆದು ಫೇಲಾದವರು ಫೋನಿನಲ್ಲಿ ಎಲ್ಲ ವ್ಯವಹಾರವನ್ನೂ ತಾವೇ ಮಾಡಿಕೊಳ್ಳುತ್ತಾರೆ. ಪತ್ರಿಕೆ ಬಿಟ್ಟು ಬೇರೆ ಹೇಗೆ ಅಳೆಯಬಹುದು? ಕೊನೆಗೆ ಕೊಡುವ ಪ್ರಮಾಣಪತ್ರಕ್ಕೆ ಹೊರಗಿನವರು ಬೆಲೆ ಕೊಡಬೇಕಾದರೆ ಅದರಲ್ಲಿ ಏನಿರಬೇಕು?

ತಕ್ಕಡಿ

ಆ ಪತ್ರಿಕೆ ಅಳೆಯುತ್ತಿರುವುದು ಹೆಸರುಗಳನ್ನು, ಕೆಲಸವನ್ನಲ್ಲ. ‘ಅಟ್ಯಾಚ್ ಮಾಡುವ ಚಿಹ್ನೆ ಯಾವುದು’ ಎಂದು ಕೇಳಿದರೆ ಪೇಪರ್ ಕ್ಲಿಪ್ ಚಿತ್ರಕ್ಕೆ ಗುರುತು ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಈಜು ಬರುತ್ತದೆಯೇ ಎಂದು ದಡದ ಮೇಲೆ ನಿಲ್ಲಿಸಿ ಕೇಳಿದ ಹಾಗೆ.

ಒಂದೇ ಒಂದು ಕೆಲಸ ಕೊಡಿ, ಅದರೊಳಗೆ ಏಳೆಂಟು ಹೆಜ್ಜೆ ನೋಡಿ. ಪರೀಕ್ಷೆಗೆಂದೇ ತೆರೆದ ಮೇಲ್ ಖಾತೆಯ ಇನ್‌ಬಾಕ್ಸ್‌ನಲ್ಲಿ ಮೂರು ಮೇಲ್ ಇರಲಿ. ಒಂದರಲ್ಲಿ ಈ ವರ್ಷದ ಫಾರಂ, ಇನ್ನೊಂದರಲ್ಲಿ ಹೆಚ್ಚುಕಡಿಮೆ ಅದೇ ಹೆಸರಿನ ಹೋದ ವರ್ಷದ ಫಾರಂ, ಮೂರನೆಯದು ಸುಮ್ಮನೆ. ಕಲಿಕಾರ್ಥಿಯ ಕೈಗೆ ಕೊಡುವ ಚೀಟಿಯಲ್ಲಿ ಒಂದೇ ಸಾಲು: ‘ಈ ವರ್ಷದ ಫಾರಂ ತುಂಬಿ, ಫೈಲಿಗೆ ನಿಮ್ಮ ಹೆಸರಿಟ್ಟು, ಕಳಿಸಿದವರಿಗೇ ವಾಪಸ್ ಮುಟ್ಟಿಸಿ.’ ಡೌನ್‌ಲೋಡ್, ಸೇವ್, ಅಟ್ಯಾಚ್ ಎಂಬ ಪದಗಳು ಚೀಟಿಯಲ್ಲಿ ಬರಕೂಡದು. ಆ ಪದ ಕಂಡ ಕೂಡಲೇ ಕಣ್ಣು ಪರದೆಯ ಮೇಲೆ ಅದೇ ಪದವನ್ನು ಹುಡುಕುತ್ತದೆ. ಆಗ ನೀವು ಅಳೆದದ್ದು ಓದುವ ಸಾಮರ್ಥ್ಯ ಆಗಿಬಿಡುತ್ತದೆ.

ನೋಡಬೇಕಾದ ಹೆಜ್ಜೆಗಳು:

1. ಸರಿಯಾದ ಮೇಲ್ ತೆರೆದರೇ
2. ಫೈಲ್ ಇಳಿಸಿಕೊಂಡರೇ, ಇಲ್ಲ ಬ್ರೌಸರಿನ ಮುನ್ನೋಟದಲ್ಲೇ ತುಂಬಲು ಹೊರಟರೇ
3. ಬ್ರೌಸರ್ ಮುಚ್ಚಿಸಿದ ಮೇಲೆ ಆ ಫೈಲನ್ನು ಮತ್ತೆ ಹುಡುಕಿಕೊಂಡರೇ
4. ತುಂಬಿದರೇ
5. ಬೇರೆ ಹೆಸರಿನಲ್ಲಿ ಉಳಿಸಿದರೇ
6. ತುಂಬಿದ ಪ್ರತಿಯನ್ನೇ ಸೇರಿಸಿದರೇ
7. ಹೋಯಿತೋ ಇಲ್ಲವೋ ಎಂದು ಕಳಿಸಿದ ಮೇಲ್‌ಗಳಲ್ಲಿ ನೋಡಿದರೇ

ಮೂರನೆಯ ಹೆಜ್ಜೆ ತಾನಾಗಿ ಬರುವುದಿಲ್ಲ, ನೀವೇ ಹುಟ್ಟಿಸಬೇಕು. ಫೈಲ್ ಇಳಿದ ಮೇಲೆ, ತುಂಬಲು ಕೈಹಾಕುವ ಮೊದಲೇ ‘ಒಮ್ಮೆ ಎಲ್ಲ ಮುಚ್ಚಿ, ಮತ್ತೆ ಶುರು ಮಾಡಿ’ ಎನ್ನಿ. ಇಡೀ ಕೆಲಸದಲ್ಲಿ ಹೆಚ್ಚು ವಿಷಯ ತಿಳಿಸುವ ಹೆಜ್ಜೆ ಇದೇ. ಫೈಲ್ ಎಲ್ಲಿದೆ ಎಂಬ ನಕಾಶೆ ತಲೆಯಲ್ಲಿ ಇರುವವರು ಯಾರು, ಇಳಿದ ಕೂಡಲೇ ಬ್ರೌಸರ್ ತೋರಿಸುವ ಪಟ್ಟಿಯನ್ನು ಒತ್ತಿ ಅಭ್ಯಾಸವಾದವರು ಯಾರು ಎಂಬುದು ಇಲ್ಲಿ ಬೇರೆಯಾಗುತ್ತದೆ.

ಆರನೆಯದರಲ್ಲಿ ಜನ ಎಡವುವ ಬಗೆಯೂ ಒಂದೇ. ಅದೇ ಫಾರಂ ಎರಡು ಸಲ ಇಳಿದಿರುತ್ತದೆ, ಎರಡನೆಯದರ ಹೆಸರಿನ ಕೊನೆಗೆ ಕಂಸದಲ್ಲಿ 1 ಸೇರಿರುತ್ತದೆ. ಒಂದನ್ನು ತುಂಬಿ, ಖಾಲಿ ಇರುವ ಇನ್ನೊಂದನ್ನು ಕಳಿಸುತ್ತಾರೆ. ಕಳಿಸುವ ಮೊದಲು ತೆರೆದು ನೋಡುವ ಅಭ್ಯಾಸ ಇದ್ದವರು ಮಾತ್ರ ಬಚಾವ್.

ಮೊಬೈಲೇ ಸಾಕು

ತಕ್ಕಡಿಯವರೇ, ಕೆಲಸವೇನೋ ಚೆನ್ನಾಗಿದೆ, ಆದರೆ ಪೂರ್ತಿ ಲ್ಯಾಪ್‌ಟಾಪಿಗೆ ಹೊಲಿದ ಅಂಗಿ. ಫೋನಿನಲ್ಲಿ ಫೋಲ್ಡರ್ ನೋಡದೆಯೇ ಹಂಚುವ ಬಟನ್‌ನಿಂದ ಫೈಲ್ ನೇರ ಮೇಲ್‌ಗೆ ಹೋಗುತ್ತದೆ. ಹಾಗೆ ಮಾಡಿದವರ ಕೌಶಲ ಕಡಿಮೆ ಎನ್ನುವುದು ಹೇಗೆ? ಪಾಠಪಟ್ಟಿಯವರ 20 ಅಂಕದ ಮಂದಿ ಇದೇ ಗುಂಪಿನವರು.

ತಕ್ಕಡಿ

ಕಡಿಮೆ ಅಲ್ಲ, ಬೇರೆ. ಸಾಧನವನ್ನು ಕಲಿಕಾರ್ಥಿಯೇ ಆರಿಸಲಿ, ಆರಿಸಿದ್ದು ದಾಖಲೆಯಲ್ಲಿ ಬರಲಿ. ಫೋನಿನಲ್ಲಿ ಮಾಡಿದ್ದನ್ನು ಬರೀ ‘ಕಂಪ್ಯೂಟರ್ ಬರುತ್ತದೆ’ ಎಂದು ಬರೆದರೆ ಸುಳ್ಳು, ಏನೂ ಬರೆಯದೇ ಬಿಟ್ಟರೆ ಅನ್ಯಾಯ. ಡಿಜಿಟಲ್ ಕೌಶಲಗಳನ್ನು ವಿಂಗಡಿಸುವ ಯುರೋಪಿನ ಡಿಜ್‌ಕಾಂಪ್ ಚೌಕಟ್ಟಿನಲ್ಲಿ 5 ಕ್ಷೇತ್ರ, 21 ಸಾಮರ್ಥ್ಯ ಇವೆ. ಯುನೆಸ್ಕೊ 2018ರಲ್ಲಿ ಜಗತ್ತಿಗೆಲ್ಲ ಹೊಂದುವ ಚೌಕಟ್ಟು ಮಾಡುವಾಗ ಅದಕ್ಕೆ ಎರಡು ಕ್ಷೇತ್ರ ಸೇರಿಸಿ 7 ಕ್ಷೇತ್ರ, 26 ಸಾಮರ್ಥ್ಯ ಮಾಡಿತು. ಸೇರಿದ್ದರಲ್ಲಿ ಒಂದು ಸಾಧನ ಮತ್ತು ತಂತ್ರಾಂಶ ಬಳಕೆ, ಅದಕ್ಕೆ ಕೊಟ್ಟ ಸಂಖ್ಯೆ ಸೊನ್ನೆ. ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ. ಮೊದಲ ಸಲ ಸಾಧನ ಹಿಡಿದವರ ಗುಂಪಿದ್ದರೆ ಈ ಸೊನ್ನೆಯಿಂದಲೇ ಶುರು ಮಾಡಿ.

ಇಲಿಬಾಲ

ಮಧ್ಯಾಹ್ನದ ಲೆಕ್ಕ ಹೇಳುತ್ತೇನೆ. ಒಬ್ಬ ಮೌಲ್ಯಮಾಪಕರು ಒಟ್ಟಿಗೆ 4 ಪರದೆಗಿಂತ ಹೆಚ್ಚು ನೋಡಲಾರರು. ಇಬ್ಬರಿಗೆ 8. ಹಾಗಾಗಿ 3 ಸರದಿ. ಅನುಭವಸ್ಥರಿಗೆ ಈ ಕೆಲಸಕ್ಕೆ 3–4 ನಿಮಿಷ ಸಾಕು, ಕಲಿಕಾರ್ಥಿಗೆ 15 ಕೊಡಿ. ನಡುವೆ ಲ್ಯಾಪ್‌ಟಾಪ್ ಮೊದಲಿನ ಸ್ಥಿತಿಗೆ ತರಲು 10 ನಿಮಿಷ. ಒಟ್ಟು ಒಂದು ಗಂಟೆ ಐದು ನಿಮಿಷ.

ಆ 10 ನಿಮಿಷವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಎಡವಟ್ಟು ಆಗುವುದೂ ಅಲ್ಲೇ. ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡಬೇಕು, ರೀಸೈಕಲ್ ಬಿನ್ ಕೂಡ. ಇತ್ತೀಚಿನ ಫೈಲ್‌ಗಳ ಪಟ್ಟಿ ಅಳಿಸಬೇಕು. ಇಲ್ಲದಿದ್ದರೆ ಎರಡನೇ ಸರದಿಯವರಿಗೆ ಮೊದಲ ಸರದಿಯವರು ತುಂಬಿದ ಫಾರಂ ಪಟ್ಟಿಯ ತುದಿಯಲ್ಲೇ ಸಿಗುತ್ತದೆ. ಬ್ರೌಸರ್ ನೆನಪಿಟ್ಟ ಪಾಸ್‌ವರ್ಡ್ ಮತ್ತು ತಾನಾಗಿ ತುಂಬುವ ವಿಳಾಸ ತೆಗೆಯಬೇಕು. ಝೂಮ್ 100ಕ್ಕೆ ತರಬೇಕು, ಕೀಬೋರ್ಡ್ ಭಾಷೆ ನೋಡಬೇಕು. ಇದಕ್ಕಿಂತ ಸುಲಭದ ದಾರಿ, ಪ್ರತಿ ಸರದಿಗೂ ಲ್ಯಾಪ್‌ಟಾಪಿನಲ್ಲಿ ಬೇರೆ ಬೇರೆ ಬಳಕೆದಾರ ಖಾತೆ ಮೊದಲೇ ಮಾಡಿಟ್ಟುಕೊಳ್ಳುವುದು.

ಇನ್ನೊಂದು. 8 ಹೊಸ ಮೇಲ್ ಖಾತೆಗಳು ಒಂದೇ ನೆಟ್‌ವರ್ಕಿನಿಂದ ಒಂದೇ ನಿಮಿಷದಲ್ಲಿ ಲಾಗಿನ್ ಆದರೆ ಮೇಲ್ ಸೇವೆಗೆ ಅನುಮಾನ ಬಂದು ಒಟಿಪಿ ಕೇಳಬಹುದು. ಆ ಒಟಿಪಿ ಖಾತೆ ತೆರೆದವರ ಫೋನಿಗೆ ಹೋಗುತ್ತದೆ, ಆ ಫೋನ್ ಎಲ್ಲೋ ಇರುತ್ತದೆ. ಹಿಂದಿನ ದಿನವೇ ಅದೇ ಜಾಗದಲ್ಲಿ, ಅದೇ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಲಾಗಿನ್ ಮಾಡಿಡಿ.

ಪಾಠಪಟ್ಟಿ

ಸಹಾಯ ಕೇಳಿದರೆ? ಕೆಲವರು ಎರಡನೇ ನಿಮಿಷಕ್ಕೇ ಕೈ ಎತ್ತುತ್ತಾರೆ. ಹೇಳಿಕೊಡದಿದ್ದರೆ ಕೂತುಬಿಡುತ್ತಾರೆ, ಹೇಳಿಕೊಟ್ಟರೆ ಅಳತೆ ಕೆಡುತ್ತದೆ.

ಹಳೇ ಕೀಲಿ

ಹೇಳಿಕೊಡಿ, ಆದರೆ ಎಷ್ಟು ಹೇಳಿಕೊಟ್ಟಿರಿ ಎಂದು ಬರೆದುಕೊಳ್ಳಿ. ನನ್ನ ಪ್ರಕಾರ ವಯಸ್ಕರ ಮೌಲ್ಯಮಾಪನದ ಮುಖ್ಯ ಅಂಕಣವೇ ಇದು. ಪಾಸ್–ಫೇಲ್ ಆಮೇಲೆ.

ಪ್ರತಿ ಹೆಜ್ಜೆಯ ಮುಂದೆ 0ರಿಂದ 4. ಸೊನ್ನೆ ಎಂದರೆ ಸಹಾಯವೇ ಇಲ್ಲ. 1 ಎಂದರೆ ಧೈರ್ಯದ ಮಾತು, ಇಲ್ಲವೇ ಪ್ರಶ್ನೆಯನ್ನು ಮತ್ತೊಮ್ಮೆ ಓದಿದ್ದು. 2, ದಿಕ್ಕು ತೋರಿದ್ದು: ‘ಫೈಲ್ ಎಲ್ಲಿಗೆ ಹೋಗಿರಬಹುದು?’ 3, ಜಾಗವನ್ನೇ ಹೇಳಿದ್ದು: ‘ಡೌನ್‌ಲೋಡ್ ಫೋಲ್ಡರ್ ತೆರೆಯಿರಿ.’ 4, ಮೌಲ್ಯಮಾಪಕರ ಕೈ ಮೌಸಿಗೆ ಹೋದದ್ದು. 4 ಬಂದ ಹೆಜ್ಜೆ ಕಲಿಕಾರ್ಥಿಯ ಲೆಕ್ಕಕ್ಕೆ ಇಲ್ಲ, ಅದನ್ನು ಮಾಡಿದ್ದು ನೀವು. ಕೈ ಎತ್ತಿದ ಕೂಡಲೇ ಓಡಬೇಡಿ, ಒಂದು ನಿಮಿಷ ಬಿಡಿ. ಅಷ್ಟರಲ್ಲಿ ಕೆಲವರು ತಾವೇ ದಾರಿ ಹುಡುಕಿಕೊಂಡಿರುತ್ತಾರೆ.

ಇದು ಮನೆಯಲ್ಲಿ ಹೊಸೆದ ಪಟ್ಟಿಯಾದರೂ ಚೌಕಟ್ಟಿಗೆ ಹೊಂದುತ್ತದೆ. 2017ರ ಡಿಜ್‌ಕಾಂಪ್ 2.1 ಆವೃತ್ತಿಯ 8 ಮಟ್ಟಗಳಲ್ಲಿ ಕೆಳಗಿನವನ್ನು ಒಂದರಿಂದೊಂದು ಬೇರ್ಪಡಿಸುವುದೇ ಸಹಾಯವಿಲ್ಲದೆ ಮಾಡುವ ಸ್ವಾತಂತ್ರ್ಯ. 1ನೇ ಮಟ್ಟದಲ್ಲಿ ಸರಳ ಕೆಲಸ, ಮಾರ್ಗದರ್ಶನದೊಂದಿಗೆ. 2ರಲ್ಲೂ ಸರಳ ಕೆಲಸವೇ, ಬೇಕೆನಿಸಿದಲ್ಲಿ ಮಾತ್ರ ಮಾರ್ಗದರ್ಶನ. 3ರಲ್ಲಿ ದಿನದಿನದ ಕೆಲಸ ತಾನೇ ಮಾಡುವುದು. 4ರಲ್ಲಿ ರೂಢಿಯಲ್ಲಿಲ್ಲದ ತೊಡಕನ್ನೂ ಸ್ವತಂತ್ರವಾಗಿ ಬಿಡಿಸುವುದು. 5ರಲ್ಲಿ ಬೇರೆಯವರಿಗೆ ದಾರಿ ತೋರಿಸುವುದು. ಮೂಲ ಹಂತದ ಕೋರ್ಸಿನಲ್ಲಿ 4ರ ಆಚೆ ಅಳೆಯಲು ಹೋಗಬೇಡಿ.

ಅಂಕಗಣಿತ

ಇಬ್ಬರು ಮೌಲ್ಯಮಾಪಕರು ಒಂದೇ ಕಣ್ಣಿನಿಂದ ನೋಡುತ್ತಾರೆ ಎಂಬ ನಂಬಿಕೆ ಬೇಡ. 20 ಕಲಿಕಾರ್ಥಿಗಳ ಪರದೆ ರೆಕಾರ್ಡ್ ಮಾಡಿ, ಇಬ್ಬರೂ ಬೇರೆ ಬೇರೆ ಕೂತು ಅಂಕ ಹಾಕಲಿ. ಒಂದು ಮಾದರಿ ಲೆಕ್ಕ: 12 ಮಂದಿಯನ್ನು ಇಬ್ಬರೂ ಪಾಸ್ ಎಂದರು, 4 ಮಂದಿಯನ್ನು ಇಬ್ಬರೂ ಫೇಲ್ ಎಂದರು, ಉಳಿದ 4 ಮಂದಿಯಲ್ಲಿ ಇಬ್ಬರನ್ನು ಒಬ್ಬ ಮೌಲ್ಯಮಾಪಕರು ಮಾತ್ರ, ಇನ್ನಿಬ್ಬರನ್ನು ಮತ್ತೊಬ್ಬರು ಮಾತ್ರ ಪಾಸ್ ಎಂದರು. ಒಮ್ಮತ 20ಕ್ಕೆ 16, ಅಂದರೆ 0.80. ನೋಡಲು ಚೆನ್ನಾಗಿದೆ. ಆದರೆ ಇಬ್ಬರೂ 14 ಮಂದಿಗೆ ಪಾಸ್ ಕೊಟ್ಟಿದ್ದಾರೆ. ಕಣ್ಣು ಮುಚ್ಚಿ ಅಷ್ಟೇ ಮಂದಿಗೆ ಪಾಸ್ ಹಂಚಿದ್ದರೂ 0.7 × 0.7 + 0.3 × 0.3, ಅಂದರೆ 0.58 ಒಮ್ಮತ ಬರುತ್ತಿತ್ತು. ಹೀಗೆ ಆಕಸ್ಮಿಕವಾಗಿ ಬರುವ ಒಮ್ಮತವನ್ನು ಕಳೆದು ನೋಡುವ ಅಳತೆ, ಕೋಹೆನ್ ಕಪ್ಪಾ, ತೆಗೆದರೆ (0.80 − 0.58) ÷ (1 − 0.58) = 0.52. ಪ್ರಮಾಣಪತ್ರಕ್ಕೆ ಇದು ಸಾಲದು.

ಆ 4 ಮಂದಿಯ ರೆಕಾರ್ಡಿಂಗ್ ಇಬ್ಬರೂ ಒಟ್ಟಿಗೆ ಕೂತು ನೋಡಬೇಕು. ಭಿನ್ನಾಭಿಪ್ರಾಯ ಸಾಮಾನ್ಯವಾಗಿ ಒಂದೆರಡು ಹೆಜ್ಜೆಗಳ ಮಾತಿನಲ್ಲೇ ಇರುತ್ತದೆ. ‘ಸರಿಯಾದ ಹೆಸರಿನಲ್ಲಿ ಉಳಿಸಿದರೇ’ ಎಂದು ಬರೆದಿದ್ದರೆ ಒಬ್ಬರು ಕಾಗುಣಿತದ ತಪ್ಪಿಗೇ ಫೇಲ್ ಎಂದಿರುತ್ತಾರೆ, ಇನ್ನೊಬ್ಬರು ಹೆಸರು ಗುರುತು ಸಿಕ್ಕರೆ ಸಾಕು ಎಂದಿರುತ್ತಾರೆ. ಮೌಲ್ಯಮಾಪಕರನ್ನಲ್ಲ, ಆ ಸಾಲನ್ನು ತಿದ್ದಿ.

ಒತ್ತಕ್ಷರ

ಅಂಕಗಣಿತದವರ ಕೊನೆಯ ಮಾತಿಗೆ ಒಂದು ಬಾಲಂಗೋಚಿ. ಫಾರಂ ತುಂಬುವ ಭಾಗದಲ್ಲಿ ಟೈಪಿಂಗ್ ಎಷ್ಟಿದೆ ನೋಡಿ. ಕನ್ನಡದಲ್ಲಿ ಒತ್ತಕ್ಷರ ಮೂಡಿಸಲು ಒದ್ದಾಡುವವರಿಗೆ 15 ನಿಮಿಷದಲ್ಲಿ 10 ಅಲ್ಲೇ ಕಳೆದುಹೋಗುತ್ತದೆ. ಆಮೇಲೆ ಸಮಯ ಸಾಲದೆ ಫೇಲ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನಾಲ್ಕು ಖಾನೆ ಸಾಕು, ಅವುಗಳಲ್ಲಿ ಎರಡು ಬರೀ ಅಂಕಿ ತುಂಬುವಂಥವು ಇರಲಿ. ಧ್ವನಿ ಟೈಪಿಂಗ್ ಬಳಸಿದರೆ ಬಳಸಲಿ, ಅದೂ ಕೌಶಲವೇ. ಟೈಪಿಂಗ್ ಅಳೆಯಬೇಕಿದ್ದರೆ ಬೇರೆಯಾಗಿ ಅಳೆಯಿರಿ.

ಕಾಗದಪತ್ರ

ಎಲ್ಲವನ್ನೂ ಪಕ್ಕದಲ್ಲಿ ಕೂತು ನೋಡುವುದು 24 ಮಂದಿಗೆ ಆದೀತು, 500 ಮಂದಿಗೆ? ಬಹುಆಯ್ಕೆಯನ್ನು ಪೂರ್ತಿ ಬಿಸಾಡಬೇಡಿ.

ಅಂಕಗಣಿತ

500ಕ್ಕೆ ಬೇರೆ ಉಪಾಯ ಇದೆ: ಕೆಲಸ ಮಾಡದೆ ಉತ್ತರ ಸಿಗದಂಥ ಪ್ರಶ್ನೆ. ‘ಈ ಫೈಲ್ ಇಳಿಸಿ. ಅದರ ಮೂರನೇ ಹಾಳೆಯನ್ನು ದಿನಾಂಕದ ಪ್ರಕಾರ ಜೋಡಿಸಿ. ಮೇಲಿನಿಂದ ಐದನೇ ಸಾಲಿನ ಪದ ಯಾವುದು?’ ಉತ್ತರ ಒಂದೇ ಪದ, ಯಂತ್ರವೇ ತಿದ್ದುತ್ತದೆ, ಆದರೆ ಫೈಲ್ ತೆರೆಯದೆ, ಜೋಡಿಸದೆ ಆ ಪದ ಯಾರಿಗೂ ಗೊತ್ತಾಗುವುದಿಲ್ಲ. ಫ್ರಾನ್ಸಿನ ಸಾರ್ವಜನಿಕ ವೇದಿಕೆ ಪಿಕ್ಸ್ ಈ ಬಗೆಯ ಪ್ರಶ್ನೆಗಳನ್ನು ದೊಡ್ಡ ಪ್ರಮಾಣದಲ್ಲಿ ಬಳಸುತ್ತದೆ. ಅಲ್ಲಿ 16 ಸಾಮರ್ಥ್ಯಗಳಿವೆ, ಉತ್ತರ ಸರಿಯೋ ತಪ್ಪೋ ನೋಡಿಕೊಂಡು ಮುಂದಿನ ಪ್ರಶ್ನೆಯ ಕಷ್ಟ ಬದಲಾಗುತ್ತದೆ.

ಪದ ಸೋರುತ್ತದೆ ಎಂಬುದೊಂದೇ ಕಷ್ಟ. ಮೊದಲ ತಂಡ ಹೊರಗೆ ಹೋಗಿ ‘ಐದನೇದು ಕೊಡೆ’ ಅಂದರೆ ಮುಗಿಯಿತು. ಬೇರೆ ಬೇರೆ ಉತ್ತರ ಬರುವ 5–6 ಪ್ರತಿ ಇಟ್ಟುಕೊಳ್ಳಿ.

ಇಲಿಬಾಲ

ಬಹುಆಯ್ಕೆ ಸರಿಹೊಂದುವ ಜಾಗವೂ ಇದೆ: ಯಾವ ಮಾಹಿತಿ ಹಂಚಬಾರದು, ಬೇರೆಯವರ ಫೋಟೊ ಬಳಸಲು ಏನು ಬೇಕು, ಇಂಥವು ತಿಳಿವಿನ ಪ್ರಶ್ನೆಗಳು.

ಸುರಕ್ಷತೆಯಲ್ಲಿ ಮಾತ್ರ ಎಚ್ಚರ. ‘ಈ ಮೋಸದ ಸಂದೇಶದಲ್ಲಿ ಏನು ತಪ್ಪಿದೆ’ ಎಂದು ಕೇಳಿದರೆ ಮೋಸ ಎಂದು ನೀವೇ ಹೇಳಿಬಿಟ್ಟಿರಿ. 8 ಸಂದೇಶ ಕೊಡಿ, 4 ನಿಜ, 4 ಮೋಸ, ಎಷ್ಟು ಯಾವುದೆಂದು ಹೇಳಬೇಡಿ. ಅಂಕವನ್ನು ಎರಡು ಅಂಕಣದಲ್ಲಿ ಇಡಿ: ಮೋಸವನ್ನು ಹಿಡಿದದ್ದು ಎಷ್ಟು, ನಿಜವನ್ನು ನಿಜ ಎಂದದ್ದು ಎಷ್ಟು. ಮೋಸದವು ಮಾತ್ರ ಕೊಟ್ಟರೆ ಎಲ್ಲಕ್ಕೂ ‘ಮೋಸ’ ಎನ್ನುವ ಅಂಜುಬುರುಕರಿಗೆ ಪೂರ್ಣಾಂಕ ಬರುತ್ತದೆ. ಅವರು ನಾಳೆ ನಿಜವಾದ ನೋಟಿಸನ್ನೂ ತೆರೆಯದೆ ಕೊನೆಯ ದಿನಾಂಕ ತಪ್ಪಿಸಿಕೊಳ್ಳುತ್ತಾರೆ.

ಸುರಕ್ಷತೆಯ ಹೆಜ್ಜೆಯನ್ನು ಒಟ್ಟು ಅಂಕಕ್ಕೆ ಸೇರಿಸಿ ಸರಾಸರಿ ಮಾಡಲೂಬೇಡಿ. ಹತ್ತರಲ್ಲಿ ಒಂಬತ್ತು ಸರಿ ಮಾಡಿ, ಬಂದ ಲಿಂಕಿನಲ್ಲಿ ಪಾಸ್‌ವರ್ಡ್ ಕೊಟ್ಟುಬಿಟ್ಟವರಿಗೆ ಶೇಕಡ 90 ಎಂದರೆ ನಗೆಪಾಟಲು. ಇಂಥ ಹೆಜ್ಜೆ ತಪ್ಪಿದರೆ ಆ ಘಟಕ ಮತ್ತೆ ಮಾಡಿಸುವುದು, ಅಷ್ಟೇ.

ಮೊಬೈಲೇ ಸಾಕು

ಶುರುವಿನಲ್ಲೇ ಒಂದು ಸ್ವಮೌಲ್ಯಮಾಪನ ಫಾರಂ ಕೊಟ್ಟು ಗುಂಪು ಮಾಡಿಕೊಂಡರೆ ಅರ್ಧ ಕೆಲಸ ಮುಗಿಯುವುದಿಲ್ಲವೇ?

ಹಳೇ ಕೀಲಿ

ಗುಂಪು ಮಾಡಲು ಸರಿ, ಪ್ರಮಾಣಪತ್ರಕ್ಕೆ ಬೇಡ. ‘ನಿಮಗೆ ಇಂಟರ್‌ನೆಟ್ ಎಷ್ಟು ಚೆನ್ನಾಗಿ ಬರುತ್ತದೆ, 1ರಿಂದ 5’ ಎಂದರೆ ಸಂಕೋಚದವರು 2 ಹಾಕುತ್ತಾರೆ, ವಿಡಿಯೊ ನೋಡಿಯಷ್ಟೇ ಗೊತ್ತಿರುವವರು 5. ಬದಲಿಗೆ ‘ಕಳೆದ ಮೂರು ತಿಂಗಳಲ್ಲಿ ಆನ್‌ಲೈನ್ ಫಾರಂ ಒಂದನ್ನು ನೀವೇ ತುಂಬಿದ್ದೀರಾ’ ಎಂದು ಕೇಳಿ. ಐರೋಪ್ಯ ಒಕ್ಕೂಟದ ಅಂಕಿಅಂಶ ಕಚೇರಿ ಯುರೋಸ್ಟ್ಯಾಟ್‌ನ ಡಿಜಿಟಲ್ ಕೌಶಲ ಸೂಚ್ಯಂಕವೂ ಹಿಂದಿನ ಮೂರು ತಿಂಗಳಲ್ಲಿ ಮಾಡಿದ ಚಟುವಟಿಕೆಗಳನ್ನು ಕೇಳಿಯೇ ಲೆಕ್ಕ ಹಾಕುತ್ತದೆ. ಮಾಡಿದ್ದಾರೆ ಎಂಬುದು ಚೆನ್ನಾಗಿ ಮಾಡಿದ್ದಾರೆ ಎಂಬುದಕ್ಕೆ ಸಾಕ್ಷಿಯಲ್ಲ, ಆದರೆ ಅಂದಾಜಿಗೆ ಒದಗುತ್ತದೆ.

ಆರ್ಥಿಕ ಸಹಕಾರದ ಅಂತರರಾಷ್ಟ್ರೀಯ ಸಂಸ್ಥೆ ಓಇಸಿಡಿಯ ವಯಸ್ಕರ ಕೌಶಲ ಸಮೀಕ್ಷೆ ಪಿಯಾಕ್‌ನಿಂದಲೂ ಒಂದು ವಿಷಯ ಕಲಿಯಬಹುದು. ಅದರ ಮೊದಲ ಸುತ್ತಿನಲ್ಲಿ ಕಂಪ್ಯೂಟರ್ ಅನುಭವವೇ ಇಲ್ಲದವರು, ಮೌಸ್ ಮತ್ತು ಕೀಬೋರ್ಡಿನ ಸಣ್ಣ ಪೂರ್ವಪರೀಕ್ಷೆ ದಾಟದವರು, ಕಂಪ್ಯೂಟರಿನಲ್ಲಿ ಬೇಡ ಎಂದವರು ಕಾಗದದ ಮೇಲೆ ಉತ್ತರಿಸಿದರು. ಕಂಪ್ಯೂಟರಿನಲ್ಲಿ ಸಮಸ್ಯೆ ಬಿಡಿಸುವ ಭಾಗದಲ್ಲಿ ಅವರಿಗೆ ಕಡಿಮೆ ಅಂಕ ಹಾಕಲಿಲ್ಲ, ಬೇರೆ ಗುಂಪಾಗಿಯೇ ತೋರಿಸಿದರು. ನಿಮ್ಮ ಪಟ್ಟಿಯಲ್ಲೂ ‘ಅಳೆದಿಲ್ಲ’ ಎಂಬ ಅಂಕಣ ಇರಲಿ. ಅಳೆಯಲಾಗದ್ದಕ್ಕೆ ಸೊನ್ನೆ ಹಾಕಿದರೆ ಮುಂದಿನ ತರಗತಿಗೆ ತಪ್ಪು ಜಾಗದಲ್ಲಿ ಕೂರುತ್ತಾರೆ.

ಪಾಠಪಟ್ಟಿ

ತರಗತಿಗೇ ಬರದೆ ‘ನನಗೆ ಬರುತ್ತದೆ, ಪ್ರಮಾಣಪತ್ರ ಕೊಡಿ’ ಎನ್ನುವವರನ್ನು ಏನು ಮಾಡುವುದು?

ಕಾಗದಪತ್ರ

ಕೊಡಬೇಕು, ಬರುತ್ತಿದ್ದರೆ. ತರಗತಿಯ ಹೊರಗೆ ಕಲಿತದ್ದಕ್ಕೆ ಮಾನ್ಯತೆ ಕೊಡುವ ಬಗ್ಗೆ ಐರೋಪ್ಯ ಒಕ್ಕೂಟದ 2012ರ ಶಿಫಾರಸು ನಾಲ್ಕು ಹಂತ ಹೇಳುತ್ತದೆ: ಗುರುತಿಸುವುದು, ದಾಖಲಿಸುವುದು, ಅಳೆಯುವುದು, ಪ್ರಮಾಣೀಕರಿಸುವುದು. ಜನ ಮೊದಲನೆಯದನ್ನು ಹಾರಿಸಿ ನೇರ ಮೂರಕ್ಕೆ ಹೋಗುತ್ತಾರೆ. ಮೊದಲು 20 ನಿಮಿಷ ಮಾತಾಡಿಸಿ. ‘ನಿಮಗೆ ಸ್ಪ್ರೆಡ್‌ಶೀಟ್ ಬರುತ್ತದೆಯೇ’ ಎಂದರೆ ಇಲ್ಲ ಎನ್ನುವವರು ‘ಲೆಕ್ಕ ಹೇಗೆ ಇಡುತ್ತೀರಿ’ ಎಂದರೆ ಫೋನ್ ತೆಗೆದು ಮೊತ್ತ ತಾನಾಗಿ ಬರುವ ಹಾಳೆ ತೋರಿಸಬಹುದು.

ಸಾಕ್ಷ್ಯಕ್ಕೆ ಆಸ್ಟ್ರೇಲಿಯದ ವೃತ್ತಿ ಶಿಕ್ಷಣದಲ್ಲಿ ನಾಲ್ಕು ನಿಯಮ ಬಳಸುತ್ತಾರೆ: ವಿಷಯಕ್ಕೆ ಹೊಂದಬೇಕು, ಸಾಕಷ್ಟಿರಬೇಕು, ಅವರದೇ ಆಗಿರಬೇಕು, ಇತ್ತೀಚಿನದಾಗಿರಬೇಕು. ಸ್ಕ್ರೀನ್‌ಶಾಟ್ ಬಿದ್ದುಹೋಗುವುದು ಮೂರನೆಯದರಲ್ಲಿ. ಮಗಳು ಮಾಡಿಕೊಟ್ಟ ಹಾಳೆಯ ಸ್ಕ್ರೀನ್‌ಶಾಟೂ ಹಾಗೇ ಕಾಣುತ್ತದೆ. ಅದಕ್ಕೆ ಮದ್ದು 5 ನಿಮಿಷದ ಬದಲಾವಣೆ: ‘ಇದೇ ಹಾಳೆಗೆ ಒಂದು ಸಾಲು ಸೇರಿಸಿ, ಒಟ್ಟು ಸರಿ ಬರುವ ಹಾಗೆ ಮಾಡಿ.’ ಮಾಡಿದವರೇ ಆದರೆ ಮಾಡುತ್ತಾರೆ.

ಇತ್ತೀಚಿನದು ಎಂಬುದಕ್ಕೆ ಡಿಜಿಟಲ್‌ನಲ್ಲಿ ಬೇರೆ ಅರ್ಥವಿದೆ. ಆ್ಯಪ್‌ನ ಮುಖ ಬದಲಾದ ಕೂಡಲೇ ಬಟನ್ನಿನ ಬಣ್ಣ ನೆನಪಿಟ್ಟವರು ನಿಂತುಬಿಡುತ್ತಾರೆ. ಅದೇ ಕೆಲಸವನ್ನು ಅವರು ನೋಡದ ಇನ್ನೊಂದು ಮೇಲ್ ಸೇವೆಯಲ್ಲಿ ಮಾಡಿಸಿ ನೋಡಿ.

ಸಾಕ್ಷ್ಯ ಕೂಡಿಡುವಾಗ ಒಂದು ಎಚ್ಚರಿಕೆ. ಕಲಿಕಾರ್ಥಿಯ ಸ್ವಂತ ಫೋನಿನ ಪರದೆ ರೆಕಾರ್ಡ್ ಮಾಡಿದರೆ ಮೇಲಿಂದ ಇಳಿಯುವ ಒಟಿಪಿ, ಖಾತೆಯ ಬಾಕಿ, ಮನೆಯವರ ಸಂದೇಶ ಎಲ್ಲ ಅದರಲ್ಲಿ ಸೇರುತ್ತದೆ. ಮೊದಲು ‘ಅಡಚಣೆ ಬೇಡ’ ಹಾಕಿಸಿ. ಮೇಲ್ಮನವಿಯ ಅವಧಿ ಮುಗಿದ ದಿನ ರೆಕಾರ್ಡಿಂಗ್ ಅಳಿಸಿ, ಅಂಕದ ಹಾಳೆ ಮಾತ್ರ ಉಳಿಸಿ.

ತಕ್ಕಡಿ

ಈಗ ಪ್ರಮಾಣಪತ್ರ. ‘ಮೂಲ ಕಂಪ್ಯೂಟರ್ ಕೌಶಲ, ಪ್ರಥಮ ದರ್ಜೆ’ ಎಂಬ ಸಾಲಿನಿಂದ ಉದ್ಯೋಗದಾತರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆದು ನೋಡಿ: ‘ಮೇಲ್‌ನಲ್ಲಿ ಬಂದ ಫಾರಂ ಇಳಿಸಿ, ತುಂಬಿ, ವಾಪಸ್ ಕಳಿಸುತ್ತಾರೆ. ಸಾಧನ: ಲ್ಯಾಪ್‌ಟಾಪ್. ಎರಡು ಬೇರೆ ಮೇಲ್ ಸೇವೆಗಳಲ್ಲಿ ನೋಡಲಾಗಿದೆ. ಫೈಲ್ ಹುಡುಕುವಾಗ ಒಮ್ಮೆ ಸೂಚನೆ ಬೇಕಾಯಿತು, ಉಳಿದದ್ದು ಸಹಾಯವಿಲ್ಲದೆ. ಮೌಲ್ಯಮಾಪಕರು ಎದುರಿಗಿದ್ದು ನೋಡಿದ್ದಾರೆ.’ ಉದ್ದವಾಯಿತು ಎನ್ನಬಹುದು. ಆದರೆ ಓದಿದವರಿಗೆ ನಾಳೆ ಯಾವ ಕೆಲಸ ಒಪ್ಪಿಸಬಹುದು ಎಂದು ಗೊತ್ತಾಗುತ್ತದೆ.

2022ರ ಜೂನ್‌ನಲ್ಲಿ ಐರೋಪ್ಯ ಒಕ್ಕೂಟದ ಪರಿಷತ್ತು ಕಿರು ಅರ್ಹತಾಪತ್ರಗಳ (ಸಣ್ಣ ಕಲಿಕೆಗೆ ಕೊಡುವ ಪ್ರಮಾಣಪತ್ರಗಳ) ಬಗ್ಗೆ ಕೊಟ್ಟ ಶಿಫಾರಸಿನ ಪಟ್ಟಿಯಲ್ಲೂ ಪಡೆದವರು, ಕೊಟ್ಟವರು, ದಿನಾಂಕದ ಜೊತೆಗೆ ಕಲಿಕೆಯ ಫಲಿತಾಂಶ, ಬೇಕಾದ ಅಂದಾಜು ಶ್ರಮ, ಮೌಲ್ಯಮಾಪನದ ಬಗೆ, ಗುಣಮಟ್ಟದ ಖಾತರಿ ಇವೆ. ‘ಮೌಲ್ಯಮಾಪನದ ಬಗೆ’ ಎಂಬ ಖಾನೆಯನ್ನು ಖಾಲಿ ಬಿಡುವವರೇ ಹೆಚ್ಚು.

ಒತ್ತಕ್ಷರ

ಕಾಗದದ ಬದಲು ಡಿಜಿಟಲ್ ಬ್ಯಾಡ್ಜ್, ಅಂದರೆ ಚಿತ್ರದ ರೂಪದ ಪ್ರಮಾಣಪತ್ರ, ಕೊಟ್ಟರೆ ಈ ವಿವರವೆಲ್ಲ ಅದರೊಳಗೇ ಕೂರುತ್ತದಲ್ಲ?

ಇಲಿಬಾಲ

ಕೂರುತ್ತದೆ, ಕೂತಲ್ಲೇ ಉಳಿಯುತ್ತದೆ ಎಂಬ ಖಾತರಿ ಇಲ್ಲ. ಓಪನ್ ಬ್ಯಾಡ್ಜಸ್ ಎಂಬ ಮಾನದಂಡವನ್ನು ಮೊಝಿಲ್ಲಾ ಶುರು ಮಾಡಿತು, 2017ರಿಂದ ಅದನ್ನು ನೋಡಿಕೊಳ್ಳುತ್ತಿರುವ ಸಂಸ್ಥೆಯ ಈಗಿನ ಹೆಸರು 1ಎಡ್‌ಟೆಕ್. ಅದರಲ್ಲಿ ಕೊಟ್ಟವರು ಯಾರು, ಮಾನದಂಡ ಏನು, ಸಾಕ್ಷ್ಯ ಎಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ ಎಂಬ ವಿವರಗಳನ್ನು ಪಿಎನ್‌ಜಿ ಅಥವಾ ಎಸ್‌ವಿಜಿ ಚಿತ್ರದೊಳಗೇ ಹುದುಗಿಸಬಹುದು. ಆದರೆ ಆ ಪಿಎನ್‌ಜಿಯನ್ನು ಮೆಸೇಜಿಂಗ್ ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಆ್ಯಪ್ ಅದನ್ನು ಕುಗ್ಗಿಸಿ ಹೊಸದಾಗಿ ಉಳಿಸುತ್ತದೆ, ಒಳಗಿನ ವಿವರ ಮಾಯ. ಉಳಿಯುವುದು ಬರೀ ಚಿತ್ರ. ಡಾಕ್ಯುಮೆಂಟ್ ಎಂದು ಕಳಿಸಬೇಕು, ಇಲ್ಲವೇ ಲಿಂಕ್ ಕೊಡಬೇಕು. ಮುದ್ರಿತ ಪ್ರತಿಯ ಮೇಲೆ ಆ ಲಿಂಕಿನ ಕ್ಯೂಆರ್ ಕೋಡ್ ಇರಲಿ.

ಲಿಂಕಿಗೂ ಆಯುಷ್ಯವಿದೆ. ಓಪನ್ ಬ್ಯಾಡ್ಜಸ್‌ನ 2.0 ಆವೃತ್ತಿಯಲ್ಲಿ ಬ್ಯಾಡ್ಜಿನ ದಾಖಲೆ ಕೊಟ್ಟವರ ಜಾಲತಾಣದಲ್ಲೇ ಇರುವ ಬಗೆಯದಾದರೆ, ತಾಣ ಮುಚ್ಚಿದ ದಿನ ಪರಿಶೀಲನೆಯೂ ಮುಚ್ಚುತ್ತದೆ. 3.0 ಆವೃತ್ತಿ, ವೆಬ್ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಪರಿಶೀಲಿಸಬಹುದಾದ ಅರ್ಹತಾಪತ್ರದ ಮಾದರಿಗೆ ಹೊಂದುವಂತಿದೆ. ಅಲ್ಲಿ ಕೊಟ್ಟವರ ಡಿಜಿಟಲ್ ಸಹಿ ಪತ್ರದ ಜೊತೆಗೇ ಹೋಗುತ್ತದೆ.

ಪಾಠಪಟ್ಟಿ

ಬ್ಯಾಡ್ಜನ್ನು ಕಲಿಕಾರ್ಥಿಯ ಮೇಲ್ ವಿಳಾಸಕ್ಕೆ ಕೊಡುವುದು ತಾನೇ? ತರಗತಿಯ ಮೊದಲ ವಾರ ಎಲ್ಲರಿಗೂ ಒಂದೊಂದು ಮೇಲ್ ಮಾಡಿಸುತ್ತೇವೆ.

ಇಲಿಬಾಲ

ಅದೇ ಬೇಡ. 2.0ರಲ್ಲಿ ಪಡೆದವರ ಗುರುತು ಸಾಮಾನ್ಯವಾಗಿ ಮೇಲ್ ವಿಳಾಸವೇ. ತರಗತಿಗೆಂದು ಮಾಡಿದ ಮೇಲ್‌ನ ಪಾಸ್‌ವರ್ಡ್ ಕೋರ್ಸ್ ಮುಗಿದ ಎರಡೇ ತಿಂಗಳಲ್ಲಿ ಮರೆತುಹೋಗಿರುತ್ತದೆ. ಹಾಗಾದರೆ ಬ್ಯಾಡ್ಜ್ ಇದ್ದೂ ಇಲ್ಲದ ಹಾಗೆ. ದಿನವೂ ಬಳಸುವ ವಿಳಾಸ ಇದ್ದರೆ ಅದಕ್ಕೇ ಕೊಡಿ. ಇಲ್ಲದವರಿಗೆ ಕೊನೆಯ ವಾರದ ಕೆಲಸವಾಗಿ ಪಾಸ್‌ವರ್ಡ್ ಮರೆತಾಗ ಖಾತೆ ವಾಪಸ್ ಪಡೆಯುವುದನ್ನು ಇಡಿ: ಲಾಗ್‌ಔಟ್ ಮಾಡಿಸಿ, ಪಾಸ್‌ವರ್ಡ್ ಇಲ್ಲದೆ ಅವರದೇ ಫೋನಿನಿಂದ ಒಳಗೆ ಬರಲಿ. ಅದಕ್ಕೂ 0ರಿಂದ 4 ಹಾಕಿ.

ಪಾಠಪಟ್ಟಿ

ಸರಿ. ಫಾರಂ ಕೆಲಸ, 8 ಸಂದೇಶ, ಖಾತೆ ವಾಪಸಾತಿ, ಈ ಮೂರರಿಂದ ಶುರು ಮಾಡುತ್ತೇನೆ. ಅಂಕದ ಹಾಳೆಯ ಕರಡು ಇಲ್ಲೇ ಹಾಕುತ್ತೇನೆ, ಸಾಲುಗಳ ಮಾತು ಎಲ್ಲಿ ಎರಡು ಅರ್ಥ ಕೊಡುತ್ತದೆ ನೋಡಿ ಹೇಳಿ.

ಅಂಕಗಣಿತ

ಹಾಕಿ. ‘ಸರಿಯಾಗಿ’, ‘ಚೆನ್ನಾಗಿ’, ‘ಸೂಕ್ತವಾಗಿ’ ಎಂಬ ಪದ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ನೀವೇ ಮೊದಲು ಕೆಂಪು ಗೆರೆ ಎಳೆದಿಡಿ.